ಢಾಲಿಗೆ ಯಾವ ಅಂಟು ಹಚ್ಚಬೇಕು?

ಅಕ್ಟೋಬರ್ ತಿಂಗಳು ಬಂತಂದ್ರ ನಮ್ಮ ಕಡೆ ಸಾಲಿ ಮಕ್ಕಳ ಮನ್ಯಾಗ ಢಾಲು-ಕತ್ತಿ ಮಾಡೋ ಗದ್ದಲ ಶುರು ಆಗ್ತದ. 23ನೇ ತಾರೀಖಿಗೆ ಕಿತ್ತೂರು ಉತ್ಸವ, ನವೆಂಬರ್ 1ಕ್ಕ ರಾಜ್ಯೋತ್ಸವದ ಮೆರವಣಿಗಿ, 14ಕ್ಕ ಮಕ್ಕಳ ದಿನ. ಒಬ್ಬಾಕಿ ಕಿತ್ತೂರು ಚೆನ್ನಮ್ಮ, ಒಬ್ಬಾವ ಸಂಗೊಳ್ಳಿ ರಾಯಣ್ಣ, ಮತ್ತೊಬ್ಬಾವ ಕೃಷ್ಣದೇವರಾಯ. ಎದಿಗೆ ಕವಚ, ಹೆಗಲಿಗೆ ಪಟ್ಟಿ, ಮುಂಗೈಗೆ ಪಟ್ಟಿ, ಕೈಯಾಗ ಢಾಲು. ಎಲ್ಲಾ ಪ್ಲಾಸ್ಟಿಕ್ಕಿಂದು, ಫೋಮಿಂದು, ಥರ್ಮಾಕೋಲಿಂದು. ಹಂಗ ನನಗ ಫೋನ್ ಬರ್ತಾವ: "ಕಾಕೂ, ಎಲ್ಲಾಕಿಂತ ಗಟ್ಟಿ ಅಂಟು ಯಾವ್ದು ಹೇಳ್ರಿ, ಅದನ್ನ ತರಸ್ತೀನಿ."

ನನ್ನ ಅಭಿಪ್ರಾಯ ಕೇಳಿದ್ರ, ಈ ಪ್ರಶ್ನಿನ ಸರಿ ಇಲ್ಲ. ಎಲ್ಲಾಕಿಂತ ಗಟ್ಟಿ ಅಂಟು ಅಂತ ಒಂದು ಇಲ್ಲವ ಇಲ್ಲ. ಎಲ್ಲಾ ಅಡಗಿಗೂ ಒಂದ ಒಗ್ಗರಣಿ ಹಾಕಿದ್ರ ನಡೀತದೇನು? ಕೇಳಬೇಕಾದ್ದು ನಾಲ್ಕು ಮಾತು. ಅಂಟಸೋ ವಸ್ತು ಯಾವ್ದು? ಅದು ಬಾಗತದೋ, ಗಟ್ಟಿ ನಿಂತಿರ್ತದೋ? ಕೂಸಿನ ಮೈಗೆ ತಾಗತದೋ ಇಲ್ಲೋ? ಒಣಗಲಿಕ್ಕೆ ನಮ್ಮ ಹತ್ರ ಎಷ್ಟು ವ್ಯಾಳೆ ಅದ? ಈ ನಾಲ್ಕಕ್ಕೂ ಉತ್ತರ ಸಿಕ್ಕ ಮ್ಯಾಲೆ ಅಂಟಿನ ಹೆಸರು ತಾನ ಬರ್ತದ. ಎಷ್ಟೋ ಸಲ "ಅಂಟು ಬ್ಯಾಡ, ಸೂಜಿ-ದಾರ ತಗೋ" ಅನ್ನೋದ ಉತ್ತರ ಆಗಿರ್ತದ.

ಮೊದ್ಲ ಪ್ಲಾಸ್ಟಿಕ್ಕಿನ ಜಾತಿ ನೋಡ್ರಿ. ಎಲ್ಲಾ ಪ್ಲಾಸ್ಟಿಕ್ ಒಂದ ಅಲ್ಲ. ಎಣ್ಣಿ ಡಬ್ಬಿ, ಬಕೀಟು, ಐಸ್‌ಕ್ರೀಮ್ ಡಬ್ಬಿ ತಳಾ ತಿರುವಿ ನೋಡಿದ್ರ ಸಣ್ಣ ತ್ರಿಕೋನದ ಒಳಗ ಒಂದು ಅಂಕಿ ಇರ್ತದ. 1 ಅಂದ್ರ ನೀರಿನ ಬಾಟ್ಲಿ ಜಾತಿ. 2 ಅಂದ್ರ ಎಣ್ಣಿ ಕ್ಯಾನ್, ಶಾಂಪೂ ಬಾಟ್ಲಿ ಮಾಡೋ ಗಟ್ಟಿ ಪಾಲಿಥಿನ್. 3 ಅಂದ್ರ ಪಿವಿಸಿ, ನಳದ ಪೈಪಿನ ಜಾತಿ. 4 ಅಂದ್ರ ಮೆತ್ತನ್ನ ಪಾಲಿಥಿನ್. 5 ಅಂದ್ರ ಪಾಲಿಪ್ರೊಪಿಲೀನ್, ಹೆಚ್ಚಾಗಿ ಊಟದ ಡಬ್ಬಿ, ಮುಚ್ಚಳ ಇದರಾಗ ಮಾಡ್ತಾರ. 6 ಅಂದ್ರ ಪಾಲಿಸ್ಟೈರೀನ್, ಥರ್ಮಾಕೋಲ್ ಇದರ ತಂಗಿ. ಢಾಲಿನ ಸಲುವಾಗಿ ನಾವು ಆರಿಸ್ಕೊಳ್ಳೋ ಡಬ್ಬಿ, ಡ್ರಮ್ಮಿನ ಮುಚ್ಚಳ, ಹಳೇ ಬಕೀಟಿನ ತುಂಡು ಇವೆಲ್ಲಾ ಬಹುತೇಕ 2 ಇಲ್ಲಾ 5 ಇರ್ತಾವ. ತಲಿಬ್ಯಾನಿ ಶುರು ಆಗೋದ ಅಲ್ಲಿಂದ.

ಅಂಕಿ ಅಳಿಸಿ ಹೋಗಿದ್ರ ಚಿಂತಿ ಬ್ಯಾಡ. ಕತ್ತರಿಲೆ ಬೆರಳಿನ ಉಗುರಿನಷ್ಟು ತುಂಡು ಕತ್ತರಿಸ್ರಿ. ಒಂದು ವಾಟಗದಾಗ ನೀರು ತಗೊಂಡು ಆ ತುಂಡನ್ನ ಒಳಗ ಒತ್ತಿ, ಗಾಳಿ ಗುಳ್ಳಿ ಬಿಟ್ಟ ಮ್ಯಾಲೆ ಕೈ ತಗೀರಿ. ತೇಲಿ ಮ್ಯಾಲೆ ಬಂತಂದ್ರ ಅದು 2, 4, ಇಲ್ಲಾ 5ರ ಜಾತಿ. ಮುಳುಗಿತಂದ್ರ 1, 3, 6, ಇಲ್ಲಾ ಅಕ್ರಿಲಿಕ್ಕು, ಎಬಿಎಸ್ಸು. ಪಾಲಿಥಿನ್ನೂ ಪಾಲಿಪ್ರೊಪಿಲೀನೂ ನೀರಿಗಿಂತ ಹಗುರ, ಉಳಿದವು ನೀರಿಗಿಂತ ಭಾರ. ಥರ್ಮಾಕೋಲು, ಫೋಮು, ಸನ್‌ಬೋರ್ಡು ಇವುಗಳೊಳಗ ಗಾಳಿ ತುಂಬಿರ್ತದ, ಅವು ಯಾವ ಜಾತಿ ಇದ್ರೂ ತೇಲತಾವ. ಅವಕ್ಕ ಈ ಪರೀಕ್ಷಾ ನಡ್ಯಾಂಗಿಲ್ಲ. ಗಟ್ಟಿ ಪ್ಲಾಸ್ಟಿಕ್ಕಿಗಷ್ಟ ಇದು.

ತೇಲಿದ ಪ್ಲಾಸ್ಟಿಕ್ಕಿಗೆ ನಮ್ಮ ಪ್ಯಾಟ್ಯಾಗ ಸಿಗೋ ಯಾವ ಅಂಟೂ ನೆಟ್ಟಗ ಹಿಡ್ಯಾಂಗಿಲ್ಲ. ಕೆಸುವಿನ ಎಲಿ ಮ್ಯಾಲೆ ನೀರು ಹಾಕಿ ನೋಡೀರಿ? ಹರಡಾಂಗಿಲ್ಲ, ಗುಂಡಗ ಉರುಳಿ ಕೆಳಗ ಬೀಳ್ತದ. ಈ ಪ್ಲಾಸ್ಟಿಕ್ಕಿನ ಮೈನೂ ಹಂಗ, ಅಂಟನ್ನ ತನ್ನ ಮ್ಯಾಲೆ ಹರಡಗೊಡಾಂಗಿಲ್ಲ. ಹರಡದ ಅಂಟು ಹಿಡಿಯೂದೆಂಗ? ಒಣಗಿದ ಮ್ಯಾಲೆ ನೋಡಿದ್ರ ಗಟ್ಟಿ ಆದಂಗ ಕಾಣ್ತದ, ಉಗುರು ಹಾಕಿ ಎತ್ತಿದ್ರ ಹಾಲಿನ ಕೆನಿ ಬಂದಂಗ ಪೂರ್ತಿ ಎದ್ದು ಬರ್ತದ. ಕಾರ್ಖಾನ್ಯಾಗ ಇದಕ್ಕ ಬ್ಯಾರೆ ಔಷಧ ಹಚ್ಚಿ, ಉರಿ ತೋರಿಸಿ ಅಂಟಸೋ ಉಪಾಯ ಅವ. ನಮ್ಮ ಪಡಸಾಲ್ಯಾಗ ಅದೆಲ್ಲಾ ಬ್ಯಾಡ. ತೂತು ಹಾಕ್ರಿ, ದಾರ ಹಾಕಿ ಕಟ್ರಿ. ಇಲ್ಲಾ ಸಣ್ಣ ನಟ್ಟು-ಬೋಲ್ಟು, ಇಲ್ಲಾ ವಾಯರ್ ಕಟ್ಟೋ ಪ್ಲಾಸ್ಟಿಕ್ ಟ್ಯಾಗು. ದಬ್ಬಣ ಕಾಸಿ ಚುಚ್ಚಿದ್ರೂ ತೂತು ಬೀಳ್ತದ. ಆದ್ರ ಅದನ್ನ ದೊಡ್ಡೋರ ಮಾಡಬೇಕು, ಕಿಡಕಿ ತೆಗದು ಮಾಡಬೇಕು, ಪ್ಲಾಸ್ಟಿಕ್ಕಿನ ಹೊಗಿ ಕುಡೀಬಾರ್ದು.

ಇಲ್ಲಿ ಎರಡು ಹೆಸರು ಭಾಳ ಮಂದಿ ಅದಲಿ-ಬದಲಿ ಮಾಡ್ತಾರ. ಸ್ಟೇಶನರಿ ಅಂಗಡ್ಯಾಗ ಸನ್‌ಪ್ಯಾಕ್ ಬ್ಯಾರೆ, ಸನ್‌ಬೋರ್ಡ್ ಬ್ಯಾರೆ. ಸನ್‌ಪ್ಯಾಕ್ ಅಂದ್ರ ಟ್ಯೂಶನ್ ಜಾಹೀರಾತು ಬರದು ಲೈಟಿನ ಕಂಬಕ್ಕ ಕಟ್ಟಿರ್ತಾರಲ್ಲ, ಒಳಗ ಉದ್ದುದ್ದ ಪೊಳ್ಳು ಇರೋ ಹಾಳಿ, ಅದು. ಅದು ಪಾಲಿಪ್ರೊಪಿಲೀನ್, ಅಂಟಿಗೆ ಜಗ್ಗಾಂಗಿಲ್ಲ. ಸನ್‌ಬೋರ್ಡ್ ಅಂತ ಮಾರೋದು ಹೆಚ್ಚಾಗಿ ಪಿವಿಸಿ ಫೋಮಿನ ಹಲಗಿ, ಬೆಳ್ಳಗ, ನುಣ್ಣಗ, ಚೂರಿಲೆ ಕತ್ತರಿಸಲಿಕ್ಕೆ ಬರ್ತದ. ಅದು ಅಂಟಿಗೆ ಒಲೀತದ. ಅಂಗಡ್ಯಾಂವಗ ಕೇಳುವಾಗ ಹೆಸರು ಸರಿಯಾಗಿ ಹೇಳ್ರಿ, ಕೈಯಾಗ ಹಿಡದು ನೋಡಿ ತಗೋರಿ. ಒಂದು ಹಾಳಿ ತಪ್ಪು ತಂದ್ರ ಆ ರಾತ್ರಿ ಪೂರಾ ಅಂಟಿಗೆ ಬೈಕೋತ ಕೂಡಬೇಕಾಗ್ತದ.

ಇನ್ನ ಅಂಟಿಗೆ ಬರೋಣು. ಎಲ್ಲಾರ ಮನ್ಯಾಗೂ ಇರೋದು ಬಿಳೇ ಅಂಟು, ನಾವೆಲ್ಲಾ ಫೆವಿಕಾಲ್ ಅಂತೀವಲ್ಲ, ಅದು. 1959ರಾಗ ಅದು ಬಂದದ್ದ ಬಡಿಗ್ಯಾರ ಸಲುವಾಗಿ. ಅದಕ್ಕಿಂತ ಮೊದ್ಲ ಅವರು ಪ್ರಾಣಿ ಚರ್ಮ, ಎಲುಬು ಕುದಿಸಿ ಮಾಡಿದ ಅಂಟು ಕಾಸಿ ಹಚ್ಚತಿದ್ರು. ಈ ಬಿಳೇ ಅಂಟಿನೊಳಗ ನೀರು ಇರ್ತದ, ಆ ನೀರು ಹೀರಿಕೊಳ್ಳೋ ವಸ್ತುನ ಬೇಕು. ಕಟಗಿ, ಕಾಗದ, ರಟ್ಟು, ಅರಬಿ ಇವು ಹೀರ್ಕೋತಾವ. ಪ್ಲಾಸ್ಟಿಕ್ ನೀರು ಹೀರೋದಿಲ್ಲ, ಅದಕ್ಕ ಅಲ್ಲಿ ಅದು ಹಿಡ್ಯಾಂಗಿಲ್ಲ. ಅಂಟಿಂದು ತಪ್ಪಲ್ಲ, ನಾವು ಕೊಟ್ಟ ಕೆಲಸದ್ದು ತಪ್ಪು. ಆದ್ರ ರಟ್ಟಿನ ಢಾಲಿಗೆ ಇದಕ್ಕಿಂತ ಛೊಲೊದು ಮತ್ತೊಂದಿಲ್ಲ. ಹಳೇ ಪೇಪರ್ ಹರದು, ಅಂಟಿಗೆ ಸ್ವಲ್ಪ ನೀರು ಕೂಡಿಸಿ, ಪದರ ಪದರ ಹಚ್ಚಿ ಒಂದೆರಡು ದಿವಸ ಬಿಸಲಿಗೆ ಒಣಗಿಸಿದ್ರ ಹಪ್ಪಳದಂಗ ಬಿರುಸು ಆಗ್ತದ. ವಾಸನಿ ಇಲ್ಲ, ಕೈ ನೀರಿಗೆ ತೊಳಕೊಂಡ್ರ ಹೋಗ್ತದ, ಮಕ್ಕಳೂ ಕೂಡಿ ಮಾಡಬಹುದು. ಮಳಿಗೆ, ಬೆವರಿಗೆ ಮಾತ್ರ ಮೆತ್ತಗಾಗ್ತದ, ಮ್ಯಾಲೆ ಬಣ್ಣ ಹಚ್ಚಬೇಕು.

ಎರಡನೇದು ಸಣ್ಣ ಟ್ಯೂಬಿನ ದಿಢೀರ್ ಅಂಟು. ಇದರ ಕಥಿ ಭಾಳ ಮಜಾ ಅದ. 1942ರಾಗ ಅಮೇರಿಕಾದ ಹ್ಯಾರಿ ಕೂವರ್ ಅನ್ನೋ ವಿಜ್ಞಾನಿ ಬಂದೂಕಿನ ಗುರಿ ನೋಡೋ ಸಾಧನಕ್ಕ ಸ್ವಚ್ಛ ಪ್ಲಾಸ್ಟಿಕ್ ಹುಡುಕುವಾಗ ಈ ವಸ್ತು ಸಿಕ್ತು. ಮುಟ್ಟಿದ್ದಕ್ಕೆಲ್ಲಾ ಅಂಟಿಕೊಳ್ಳತದ ಅಂತ ಕೈ ಬಿಟ್ರು. 1958ರಾಗ ಅದನ್ನ ಅಂಟು ಅಂತ ಮಾರಲಿಕ್ಕೆ ತಂದ್ರು. ಗಾಳ್ಯಾಗಿನ, ವಸ್ತುವಿನ ಮ್ಯಾಲಿನ ತೇವಕ್ಕ ಇದು ಗಟ್ಟಿ ಆಗ್ತದ. ಗಟ್ಟಿ ತುಂಡಿಗೆ ಗಟ್ಟಿ ತುಂಡು, ನಡುವ ಸಂದಿಲ್ಲದಂಗ ಕೂಡೋ ಜಾಗಾಕ್ಕ ಒಂದ ಹನಿ ಸಾಕು. ಹೆಚ್ಚು ಹಾಕಿದ್ರ ಗಟ್ಟಿ ಆಗ್ತದ ಅನ್ನೋದು ಸುಳ್ಳು, ಹೆಚ್ಚು ಹಾಕಿದಷ್ಟೂ ತಡಾ ಆಗ್ತದ. ಇದರ ದೊಡ್ಡ ದೋಷ ಏನಂದ್ರ ಒಣಗಿದ ಮ್ಯಾಲೆ ಗಾಜಿನಂಗ ಬಿರುಸು. ಬಾಗೋ ಜಾಗಾದಾಗ ಹಚ್ಚಿದ್ರ ಟಕ್ ಅಂತ ಒಡೀತದ. ಹುಡುಗಿ ಕೈ ಎತ್ತಿ ಕತ್ತಿ ಬೀಸಿದ ಕೂಡ್ಲೆ ಹೆಗಲಿನ ಪಟ್ಟಿ ಕೆಳಗ ಬೀಳೋದು ಇದಕ್ಕ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದದ. ಇದನ್ನ ಓದಿದೋರು ಮತ್ತೊಬ್ರಿಗೆ ಹೇಳಲೇಬೇಕು. ಈ ದಿಢೀರ್ ಅಂಟು ಹತ್ತಿ ಅರಬಿಗೆ, ಹತ್ತಿ ದಾರಕ್ಕ, ಉಣ್ಣಿಗೆ ತಾಗಿದ್ರ ಒಮ್ಮೆಲೆ ಕಾಯ್ತದ. ಹೊಗಿನೂ ಬರಬಹುದು, ಮೈ ಸುಡ್ತದ. ನಮ್ಮ ಪರಿಚಯದ ಒಂದು ಮನ್ಯಾಗ ಮೆರವಣಿಗಿಗೆ ಹೊಂಟು ನಿಂತ ಆರು ವರ್ಷದ ಕೂಸಿನ ಎದಿಪಟ್ಟಿ ಬಿಚ್ಚಿತು ಅಂತ, ಮೈಮ್ಯಾಲೆ ಇದ್ದಂಗನ ಹತ್ತಿ ಜಂಪರಿನ ಹತ್ರ ನಾಲ್ಕು ಹನಿ ಹಾಕಿದ್ರು. ಅಂಟು ಇಳದು ಅರಬಿಗೆ ಹತ್ತಿತು. ಕೂಸು ಚೀರಿ ಅತ್ತಿತು. ಜಂಪರ ಬಿಚ್ಚಿ ನೋಡಿದ್ರ ಎದಿ ಮ್ಯಾಲೆ ಬೊಬ್ಬಿ ಎದ್ದಿತ್ತು. ಆ ತಾಯಿಗೆ ಯಾರೂ ಬೈಬಾರ್ದು, ಟ್ಯೂಬಿನ ಮ್ಯಾಲಿನ ಇರಬಿಯಂಥ ಅಕ್ಷರ ಆ ಗಡಿಬಿಡ್ಯಾಗ ಯಾರು ಓದ್ತಾರ? ಆದ್ರ ಅವತ್ತಿನಿಂದ ನಾ ಎಲ್ಲಾರಿಗೂ ಹೇಳೋದು ಒಂದ ಮಾತು: ಕೂಸಿನ ಮೈಮ್ಯಾಲೆ ಇದ್ದಾಗ ಯಾವ ಅಂಟೂ ಹಚ್ಚಬ್ಯಾಡ್ರಿ. ಬಿಚ್ಚಿ ಹಚ್ರಿ. ವ್ಯಾಳೆ ಇಲ್ಲಂದ್ರ ಪಿನ್ನು ಹಾಕ್ರಿ, ಇಲ್ಲಾ ಒಂದು ರಿಬ್ಬನ್ ಸುತ್ತಿ ಗಂಟು ಹಾಕ್ರಿ.

ಬೆರಳು-ಬೆರಳು ಅಂಟಿಕೊಂಡ್ರ ಜಗ್ಗಬ್ಯಾಡ್ರಿ, ತೊಗಲು ಕಿತ್ತು ಬರ್ತದ. ಉಗುರುಬೆಚ್ಚಗಿನ ಸಾಬಾಣಿನ ನೀರಾಗ ಇಟ್ಟು ಸಾವಕಾಶ ಬಿಡಿಸ್ರಿ. ನೇಲ್ ಪಾಲಿಶ್ ತೆಗಿಯೋ ಅಸಿಟೋನಿಗೂ ಅದು ಬಿಡ್ತದ, ಆದ್ರ ಆ ಅಸಿಟೋನ್ ಕೆಲವು ಪ್ಲಾಸ್ಟಿಕ್ಕನ್ನೂ ಕರಗಿಸ್ತದ, ಢಾಲಿನ ಮ್ಯಾಲೆ ಚೆಲ್ಲಬ್ಯಾಡ್ರಿ. ಕಣ್ಣಿಗೆ, ರೆಪ್ಪಿಗೆ ಹಾರಿದ್ರ ಅಸಿಟೋನ್ ಮುಟ್ಟಿಸಲೇಬ್ಯಾಡ್ರಿ. ರೆಪ್ಪಿ ಬಲವಂತಲೆ ತೆಗಿಬ್ಯಾಡ್ರಿ, ನೀರು ಹಾಕಿಕೋತ ಸೀದಾ ಕಣ್ಣಿನ ಡಾಕ್ಟರ್ ಹತ್ರ ಹೋಗ್ರಿ.

ಮೂರನೇದು ಗ್ಲೂ ಗನ್. ಈಗ ಹತ್ತು ಮನ್ಯಾಗ ಎಂಟು ಮನ್ಯಾಗ ಅದ. ಸಣ್ಣದಕ್ಕ 7 ಮಿಲಿಮೀಟರ್ ಕಡ್ಡಿ, ದೊಡ್ಡದಕ್ಕ 11 ಮಿಲಿಮೀಟರ್ ಕಡ್ಡಿ. ಮೇಣದಂಗ ಕರಗಿ ಬಂದು, ಆರಿದ ಕೂಡ್ಲೆ ಹಿಡೀತದ. ರಟ್ಟು, ಫೋಮು, ಅರಬಿ, ಲೇಸು, ಮಣಿ, ಕನ್ನಡಿ ಚೂರು ಹಚ್ಚಲಿಕ್ಕೆ ಭಾಳ ಸರಳ. ಆದ್ರ ಕಾಸಿದಾಗ ಕರಗಿದ್ದು ಮತ್ತ ಕಾಯ್ದಾಗ ಮೆತ್ತಗಾಗಲೇಬೇಕಲ್ಲ? ಬಿಸಲಾಗ ನಿಂತ ಬಂದ್ ಕಾರಿನೊಳಗ 50-60 ಡಿಗ್ರಿ ತನಕ ಕಾಯ್ತದ. ಅಲ್ಲಿ ಕವಚ ಇಟ್ಟು ಊಟಕ್ಕ ಹೋಗಿ ಬಂದ್ರ ಪಟ್ಟಿಗೊಳು ಜಾರಿ ಕೆಳಗ ಬಿದ್ದಿರ್ತಾವ. ಮೆರವಣಿಗ್ಯಾಗ ಎರಡು ತಾಸು ಬಿಸಲಿಗೆ ನಿಂದ್ರೋ ಕರೇ ಬಣ್ಣದ ಢಾಲಿಗೂ ಇದ ಭಯ. ಅಲಂಕಾರಕ್ಕ ಗ್ಲೂ ಗನ್ ಇರ್ಲಿ, ಭಾರ ಹೊರೋ ಜಾಗಾಕ್ಕ ಬ್ಯಾಡ. ಇನ್ನ ಇದು ಕೈಮ್ಯಾಲೆ ಬಿದ್ರ ಬಿಸಿ ಎಣ್ಣಿಗಿಂತ ಕಾಟ, ಯಾಕಂದ್ರ ಅಂಟಿಕೊಂಡು ಸುಡ್ತದ. ಕಿತ್ತಬ್ಯಾಡ್ರಿ, ಇಪ್ಪತ್ತು ನಿಮಿಷ ನಳದ ತಣ್ಣೀರಾಗ ಕೈ ಹಿಡೀರಿ. ಮಕ್ಕಳ ಕೈಗೆ ಗನ್ ಕೊಡಬ್ಯಾಡ್ರಿ.

ನಾಲ್ಕನೇದು, ಚಪ್ಪಲಿ ಹೊಲಿಯೋರು ಹಚ್ಚತಾರಲ್ಲ, ಆ ಹಳದಿ ರಬ್ಬರ್ ಅಂಟು. ನನ್ನ ಕೇಳಿದ್ರ ಫೋಮ್ ಶೀಟಿನ ಕವಚಕ್ಕ ರಾಜಾ ಅಂದ್ರ ಇದ. ಮಕ್ಕಳು ಆಡೋ ಬಣ್ಣದ ಫೋಮ್ ಚಾಪಿ, ಅದ ವಸ್ತುವಿನ ಹಾಳಿ ಸ್ಟೇಶನರಿ ಅಂಗಡ್ಯಾಗೂ ಸಿಗ್ತಾವ. ಕವಚಕ್ಕ ಅದಕ್ಕಿಂತ ಛೊಲೊ ವಸ್ತು ಇಲ್ಲ. ಹಗುರ ಇರ್ತದ, ಬಿದ್ರ ಚುಚ್ಚಾಂಗಿಲ್ಲ, ಕೂಸು ಕೂಡಲಿಕ್ಕೆ ಏಳಲಿಕ್ಕೆ ಬಾಗತದ. ಹಳದಿ ಅಂಟೂ ಒಣಗಿದ ಮ್ಯಾಲೆ ರಬ್ಬರಿನಂಗ ಬಾಗತದ, ಅದಕ್ಕ ಇಬ್ಬರದೂ ಸಂಸಾರ ನಡೀತದ. ಹಚ್ಚೋ ಪದ್ಧತಿ ಬ್ಯಾರೆ. ಎರಡೂ ಕಡೆ ತೆಳ್ಳಗ ಹಚ್ಚಬೇಕು. ಹತ್ತು-ಹದಿನೈದು ನಿಮಿಷ ಬಿಡಬೇಕು. ಬೆರಳು ಮುಟ್ಟಿದ್ರ ಅಂಟಬಾರ್ದು, ಅಷ್ಟು ಆರಬೇಕು. ಆಮ್ಯಾಲೆ ಒಂದಕ್ಕೊಂದು ಒತ್ತಬೇಕು. ಹಸಿ ಇದ್ದಾಗ ಕೂಡಿಸಿ "ಹಿಡೀಲಿಲ್ಲ" ಅನ್ನೋರ ಭಾಳ. ಮತ್ತ ಒಮ್ಮೆ ಕೂಡಿದ್ರ ಸರಿಸಲಿಕ್ಕೆ ಬರಾಂಗಿಲ್ಲ, ಪೆನ್ಸಿಲ್ಲಿಲೆ ಗೆರಿ ಹಾಕ್ಕೊಂಡ ಕೂಡಿಸ್ರಿ.

ಆದ್ರ ಇದರ ವಾಸನಿ ಛೊಲೊದಲ್ಲ. ಅದರೊಳಗಿನ ದ್ರಾವಕ ಉರಿ ಹತ್ತೋವಂಥದ್ದು, ತಲಿ ತಿರುಗಸೋವಂಥದ್ದು. ಅಡಗಿಮನ್ಯಾಗ ಗ್ಯಾಸ್ ಹಚ್ಚಿಟ್ಟು ಬಾಜೂಕ ಕೂತು ಹಚ್ಚಬ್ಯಾಡ್ರಿ. ದೇವರ ಮುಂದ ದೀಪ ಉರಿಯೋ ಕೋಣ್ಯಾಗ ಬ್ಯಾಡ. ಹಿತ್ತಲದಾಗ, ಕಟ್ಟಿ ಮ್ಯಾಲೆ, ಇಲ್ಲಾ ಮಾಳಗಿ ಮ್ಯಾಲೆ ಕೂತು ಹಚ್ರಿ. ಬಸುರಿ ಹೆಣ್ಣಮಕ್ಕಳು, ಉಬ್ಬಸ ಇದ್ದೋರು ದೂರ ಇರ್ರಿ. ಡಬ್ಬಿ ಮುಚ್ಚಳಾ ಗಟ್ಟಿ ಹಾಕಿ ಮ್ಯಾಲಿನ ಮಾಡದಾಗ ಇಡ್ರಿ, ಮಕ್ಕಳ ಕೈಗೆ ಸಿಗಬಾರ್ದು. ಮಾಡಿದ ಕವಚ ಒಂದೆರಡು ದಿವಸ ಗಾಳಿಗೆ ತೂಗ ಹಾಕಿ, ವಾಸನಿ ಪೂರಾ ಹೋದ ಮ್ಯಾಲೆನ ಕೂಸಿಗೆ ತೊಡಸ್ರಿ.

ಐದನೇದು ಎರಡು ಟ್ಯೂಬ್ ಕಲಸಿ ಹಚ್ಚೋ ಎಪಾಕ್ಸಿ. ಪ್ಯಾಕೆಟ್ಟಿನ ಮ್ಯಾಲೆ ಹೇಳಿದ ಅಳತಿಗೆ ಎರಡನ್ನೂ ಕಲಸಬೇಕು, ಕಣ್ಣಂದಾಜು ನಡ್ಯಾಂಗಿಲ್ಲ. ಗಟ್ಟಿ ಪ್ಲಾಸ್ಟಿಕ್ಕು, ಕಟಗಿ, ತಗಡು ಇವನ್ನ ಒಂದಕ್ಕೊಂದು ಹಿಡಸಲಿಕ್ಕೆ ಛೊಲೊ. ಕತ್ತಿಯ ಹಿಡಿ, ಢಾಲಿನ ನಡುವಿನ ಗುಬಟಿ ಇಂಥಲ್ಲಿ ಹಚ್ಚಬಹುದು. ಪೂರ್ತಿ ಬಲ ಬರಲಿಕ್ಕೆ ಒಂದು ದಿವಸ ಬೇಕು, ಅದಕ್ಕ ಹಿಂದಿನ ರಾತ್ರಿ ಹಚ್ಚೋ ಅಂಟಲ್ಲ ಇದು. ಕೈಗೆ ಪ್ಲಾಸ್ಟಿಕ್ ಚೀಲನರೇ ಸುತ್ತಿಕೊಂಡು ಕಲಸ್ರಿ, ಕೆಲವರ ತೊಗಲಿಗೆ ತುರಸ್ತದ. ತೇಲೋ ಪ್ಲಾಸ್ಟಿಕ್ಕಿಗೆ ಇದೂ ಹಿಡ್ಯಾಂಗಿಲ್ಲ, ಎಷ್ಟ ತುಟ್ಟಿದು ತಂದ್ರೂ ಅಷ್ಟ. ಇನ್ನ ನಳದ ಕೆಲಸದೋರ ಪೈಪ್ ಸೊಲ್ಯೂಶನ್ ಪಿವಿಸಿಗಷ್ಟ. ಅದು ನಿಜವಾಗಿ ಅಂಟಲ್ಲ, ಎರಡೂ ಮೈ ಸ್ವಲ್ಪ ಕರಗಿಸಿ ಒಂದ ಮಾಡ್ತದ. ಪೈಪಿನ ಕತ್ತಿ, ಪೈಪಿನ ಬಿಲ್ಲಿಗೆ ಅದು ಖರೇ ಜೋಡಿ. ತೆಳ್ಳನ್ನ ಹಾಳಿಗೆ ಹಚ್ಚಿದ್ರ ಸೊಟ್ಟ ಆಗಬಹುದು.

ಥರ್ಮಾಕೋಲಿಂದು ಮಾತ್ರ ಬ್ಯಾರೆ ಗೋಳು. ದಿಢೀರ್ ಅಂಟು, ಹಳದಿ ಅಂಟು, ಡಬ್ಬಿ ಸ್ಪ್ರೇ ಬಣ್ಣ ಇವು ತಾಗಿದ್ರ ಬಿಸಿ ಹಾಲಾಗ ಸಕ್ಕರಿ ಕರಗಿದಂಗ ಕರಗಿ ತಗ್ಗು ಬೀಳ್ತದ. ಅದಕ್ಕ ಬಿಳೇ ಅಂಟ ಸರಿ, ತಡಾ ಒಣಗ್ತದ ಅಷ್ಟ. ಬಣ್ಣ ಹಚ್ಚೋದಿದ್ರ ಮೊದ್ಲ ಬಿಳೇ ಅಂಟಿಲೆ ಒಂದು ಪದರ ಪೇಪರ್ ಹಚ್ಚಿ, ಒಣಗಿದ ಮ್ಯಾಲೆ ಕುಂಚಲೆ ನೀರಿನ ಬಣ್ಣ ಹಚ್ರಿ.

ಅಂಟು ಯಾವ್ದ ಇರ್ಲಿ, ಜೋಡಸೋ ರೀತಿ ಅದಕ್ಕಿಂತ ಮುಖ್ಯ. ಹಣಿಗೆ ಹಚ್ಚಿದ ಟಿಕಳಿ ನೋಡ್ರಿ. ಅದನ್ನ ಬೆರಳಿಲೆ ಒತ್ತಿ ಬಾಜೂಕ ಸರಸಲಿಕ್ಕೆ ಹೋದ್ರ ಜಪ್ಪಯ್ಯ ಅಂದ್ರೂ ಸರಿಯೂದಿಲ್ಲ. ಅಂಚಿಗೆ ಉಗುರು ಹಾಕಿ ಎತ್ತಿದ್ರ ಸಹಜ ಬರ್ತದ. ಅಂಟು ಎಲ್ಲಾನೂ ಹಿಂಗ, ಜಗ್ಗಿದ್ರ ತಾಳ್ತದ, ಅಂಚಿನಿಂದ ಸುಲದ್ರ ಸೋಲ್ತದ. ಅದಕ್ಕ ಎರಡು ತುಂಡು ಅಂಚಿಗೆ ಅಂಚು ಹಚ್ಚಿ ಅಂಟಸಬ್ಯಾಡ್ರಿ. ಒಂದರ ಮ್ಯಾಲೆ ಒಂದು ಎರಡು ಬೆರಳಿನಷ್ಟು ಏರಿಸಿ ಹಚ್ರಿ, ಇಲ್ಲಾ ಹಿಂದಿನಿಂದ ಒಂದು ಪಟ್ಟಿ ಕೊಡ್ರಿ. ಹೆಗಲಿನ ಲಾಡಿ, ಢಾಲಿನ ಹಿಂದಿನ ಹಿಡಿ, ಬೆನ್ನಿನ ಪಟ್ಟಿ ಇವು ಭಾರ ಹೊರೋವು. ಇವನ್ನ ಬರೇ ಅಂಟಿನ ಮ್ಯಾಲೆ ಬಿಡಲೇಬಾರ್ದು. ತೂತು ಹಾಕಿ, ಲಾಡಿ ಒಳಗಿಂದ ತಗೊಂಡು ಗಂಟು ಹಾಕ್ರಿ. ಹಿಂದ ಒಂದು ಗುಂಡಿ ಇಟ್ಟು ಹೊಲದ್ರ ಫೋಮು ಹರಿಯೂದಿಲ್ಲ.

ಅಂಟು ಹಚ್ಚೋಕಿಂತ ಮೊದ್ಲ ಸ್ವಚ್ಛ ಮಾಡ್ರಿ. ಎಣ್ಣಿ ಜಿಡ್ಡು ಇದ್ದಲ್ಲಿ ಯಾವ ಅಂಟೂ ಕೂಡಾಂಗಿಲ್ಲ. ಭಾಂಡಿ ತೊಳಿಯೋ ಸಾಬಾಣಿಲೆ ತೊಳದು, ಒಣಗಿಸಿ, ಗಟ್ಟಿ ಪ್ಲಾಸ್ಟಿಕ್ ಇದ್ರ ಬಡಿಗ್ಯಾರು ಕಟಗಿ ತಿಕ್ಕೋ ಉಸುಕಿನ ಕಾಗದಲೆ ಹೊಳಪು ಹೋಗೋ ತನಕ ತಿಕ್ರಿ. ಅದ ವಸ್ತುವಿನ ಎರಡು ಸಣ್ಣ ಚೂರು ಒಂದಕ್ಕೊಂದು ಅಂಟಿಸಿ ರಾತ್ರಿ ಬಿಟ್ಟು, ಮುಂಜಾನೆ ಎದ್ದು ಬಾಗಿಸಿ, ಅಂಚು ಸುಲದು ನೋಡ್ರಿ. ಪಾಕ ಬಂತೋ ಇಲ್ಲೋ ನೋಡದ ಉಂಡಿ ಕಟ್ಟತೀವೇನು? ಹಂಗ ಇದೂ.

ಈಗ ನೀವು ಅಂತೀರಿ, "ಒಂದು ದಿನದ ಆಟಕ್ಕ ಇಷ್ಟೆಲ್ಲಾ ಯಾಕ ಬೇಕ್ರಿ? ಬಾಡಿಗಿಗೆ ತಂದ್ರ ಆತು." ಬಾಡಿಗಿಗೆ ತರೋದು ತಪ್ಪಲ್ಲ. ನೌಕರಿ ಮಾಡೋ ಹೆಣ್ಣಮಕ್ಕಳಿಗೆ, ಮನ್ಯಾಗ ಹಿರಿಯರ ಆರೈಕಿ ಇದ್ದೋರಿಗೆ ಅದ ಸರಿ. ಆದ್ರ ಮಾಡ್ತೀವಿ ಅಂತ ಕೈ ಹಾಕಿದ ಮ್ಯಾಲೆ ಸರಿಯಾಗಿ ಮಾಡ್ರಿ. ನಮಗದು ಒಂದು ದಿನದ ಆಟ, ಕೂಸಿಗೆ ಅದು ಆಟ ಅಲ್ಲ. ಎಂಟು ದಿವಸ ನಾಲ್ಕು ಸಾಲು ಬಾಯಿಪಾಠ ಮಾಡಿರ್ತಾಳ. ಥ್ಯಾಕರೆ ಸಾಹೇಬನ ಎದುರು ನಿಂತ ರಾಣಿ ತಾನ ಅಂತ ತಿಳಕೊಂಡಿರ್ತಾಳ. 1824ರ ಅಕ್ಟೋಬರ್ 23ಕ್ಕ ಧಾರವಾಡದ ಆ ಕಲೆಕ್ಟರ್ ಕಿತ್ತೂರಿನ ಕ್ವಾಟಿ ಮುಂದ ಸತ್ತು ಬಿದ್ದ ಕಥಿ ಅಕಿಗೆ ಆಯಿ ಹೇಳಿರ್ತಾಳ. ವೇದಿಕಿ ಮ್ಯಾಲೆ ಹೋದ ಕೂಡ್ಲೆ ಹೆಗಲಿನ ಪಟ್ಟಿ ಕಳಚಿದ್ರ, ಒಂದು ಕೈಲೆ ಅದನ್ನ ಹಿಡ್ಕೊಂಡು, ಮಾತು ಮರತು, ತಾಯಿ ಎಲ್ಲಿದ್ದಾಳಂತ ಹುಡಕೋ ಆ ಕಣ್ಣು ನೀವೂ ನೋಡೀರಿ, ನಾನೂ ನೋಡೀನಿ. ಮುಂದಿನ ಸಲ "ನಾ ಹೋಗಾಂಗಿಲ್ಲ" ಅಂತ ಹಟಾ ಹಿಡೀತಾವ ಆ ಕೂಸುಗಳು. ಇಪ್ಪತ್ತು ರೂಪಾಯಿ ಅಂಟಿನ ಸಲುವಾಗಿ ಒಂದು ಹುಡುಗಿಯ ಧೈರ್ಯ ಹೋಗಬಾರ್ದು.

ಇನ್ನೊಂದು ಮಾತು ಸಾಲಿಯವರಿಗೆ ಮುಟ್ಟಬೇಕು. ಯಾವ ಸಾಲಿ ಅಂತ ಹೆಸರು ಬ್ಯಾಡ, ಭಾಳ ಕಡೆ ಇದ ರೀತಿ. ಶುಕ್ರವಾರ ಸಂಜಿಮುಂದ ಗ್ರೂಪಿನ್ಯಾಗ ಮೆಸೇಜ್ ಹಾಕ್ತಾರ, ಸೋಮವಾರ ವೇಷ ತೊಡಿಸಿ ಕಳಸ್ರಿ ಅಂತ. ಹಳದಿ ಅಂಟಿನ ವಾಸನಿ ಹೋಗಲಿಕ್ಕೆ ಎರಡು ದಿವಸ ಬೇಕು, ರಟ್ಟಿನ ಢಾಲು ಒಣಗಲಿಕ್ಕೆ ಎರಡು ದಿವಸ, ಎಪಾಕ್ಸಿಗೆ ಒಂದು ದಿವಸ. ವ್ಯಾಳೆ ಕೊಡದ ಹೋದ್ರ ತಾಯಂದ್ರು ದಿಢೀರ್ ಅಂಟಿಗೆ ಕೈ ಹಾಕ್ತಾರ, ಸುಡೋದು ಕೂಸು. ಹತ್ತು ದಿವಸ ಮೊದ್ಲ ಹೇಳ್ರಿ ಅಂತ ಪಾಲಕರ ಸಭಾದಾಗ ನಾವು ಎದ್ದು ನಿಂತು ಕೇಳಬೇಕು. ಮತ್ತ ಬಹುಮಾನ ಕೊಡೋರು ಹೊಳಪಿನ ವೇಷಕ್ಕ ಮಾರ್ಕ್ಸ್ ಹಾಕೋದು ಬಿಟ್ಟು, ಕೂಸು ಮಾಡಿದ್ದು ಎಷ್ಟು, ಆಡಿದ ಮಾತು ಎಷ್ಟು ನೋಡ್ಲಿ. ಹಂಗಾದ್ರ ಅರ್ಧ ಪ್ಲಾಸ್ಟಿಕ್ಕ ಬೇಕಾಗೂದಿಲ್ಲ.

ಇಷ್ಟೆಲ್ಲಾ ನೋಡಿದ ಮ್ಯಾಲೆ ನನಗ ಅನಸೋದು, ನಮ್ಮ ಹೆಣ್ಣಮಕ್ಕಳಿಗೆ ಗೊತ್ತಿರೋ ವಿದ್ಯಾನ ಇಲ್ಲಿ ಎಲ್ಲಾಕಿಂತ ದೊಡ್ಡದು. ಕೌದಿ ಹೊಲಿಯೋ ಕೈ ನಮ್ಮವು. ಹತ್ತು ಹಳೇ ಅರಬಿ ಪದರ ಕೂಡಿಸಿ, ಐವತ್ತು ವರ್ಷ ತೊಳದ್ರೂ ಬಿಚ್ಚದಂಗ ಟಾಕಿ ಹಾಕಿದೋರು ನಮ್ಮ ಆಯಿಗಳು. ಅವರ್ಯಾರೂ ಅಂಟು ಕೇಳಲಿಲ್ಲ. ಫೋಮಿನ ಹಾಳಿಗೆ ದಬ್ಬಣಲೆ ತೂತು ಹಾಕಿ, ದಪ್ಪ ದಾರಲೆ ಅಡ್ಡಡ್ಡ ಹೊಲದ್ರ ಅದು ಕಾಣಲಿಕ್ಕೂ ಖರೇ ಕವಚದಂಗ ಕಾಣ್ತದ. ಹೊಲಗಿ ಬಿಸಲಿಗೆ ಕರಗಾಂಗಿಲ್ಲ, ವಾಸನಿ ಬರಾಂಗಿಲ್ಲ, ಮೈ ಸುಡಾಂಗಿಲ್ಲ. ಬಿಚ್ಚಿ ದೊಡ್ಡದು ಮಾಡಲಿಕ್ಕೂ ಬರ್ತದ. ಈ ವರ್ಷ ಅಕ್ಕ ತೊಟ್ಟದ್ದು ಮುಂದಿನ ವರ್ಷ ತಂಗಿಗೆ, ಆಮ್ಯಾಲೆ ಬಾಜೂ ಮನಿ ಹುಡುಗಗ. ಅಂಟಿಸಿದ್ದು ಕಸದ ಗಾಡಿಗೆ ಹೋಗ್ತದ, ಹೊಲದದ್ದು ಟ್ರಂಕಿನ್ಯಾಗ ಉಳೀತದ.

ಅದಕ್ಕ ನನ್ನ ಮಾತು ಇಷ್ಟ. ಕವಚ ಫೋಮಿಂದ ಮಾಡ್ರಿ, ಢಾಲು ರಟ್ಟಿಂದ ಮಾಡ್ರಿ. ಫೋಮಿಗೆ ಹಳದಿ ಅಂಟು, ರಟ್ಟಿಗೆ ಬಿಳೇ ಅಂಟು, ಮಣಿ-ಲೇಸಿಗೆ ಗ್ಲೂ ಗನ್, ಭಾರ ಹೊರೋ ಜಾಗಾಕ್ಕೆಲ್ಲಾ ಸೂಜಿ-ದಾರ. ತೇಲೋ ಪ್ಲಾಸ್ಟಿಕ್ಕಿಗೆ ಅಂಟಿನ ಗೊಡವಿನ ಬ್ಯಾಡ. ದಿಢೀರ್ ಅಂಟಿನ ಟ್ಯೂಬು ಚಪ್ಪಲಿ-ಗೊಂಬಿ ರಿಪೇರಿಗೆ ಇರ್ಲಿ, ಕೂಸಿನ ವೇಷದ ಹತ್ರ ಬರೋದು ಬ್ಯಾಡ. ಕಾರ್ಯಕ್ರಮದ ದಿವಸ ಪರ್ಸಿನ್ಯಾಗ ಅಂಟಿನ ಬದ್ಲಿ ಒಂದು ಸೂಜಿ, ಒಂದು ದಾರದ ಉಂಡಿ, ನಾಲ್ಕು ಪಿನ್ನು, ಒಂದು ಗಜ ರಿಬ್ಬನ್ ಇಟ್ಕೊಂಡು ಹೋಗ್ರಿ. ನಿಮ್ಮ ಕೂಸಿಗೆ ಬೇಕಾಗದಿದ್ರೂ ಬಾಜೂ ನಿಂತ ಯಾವದರೇ ರಾಯಣ್ಣಗ ಬೇಕಾಗ್ತದ.